ಮಿಸ್ತ್ರಿ ಕಾಕಾ ತಟ್ಟದ ಗಾಡಿ

ಅರಿಸಿನಕ್ಕೆ ಡೀಸೆಲ್ ತಾಗಿದರೆ ಒಂದು ವಾಸನೆ ಬರುತ್ತದೆ. ಒಳ್ಳೆಯ ವಾಸನೆ ಅಂತ ಯಾರೂ ಅನ್ನಲಾರರು. ಈ ಸಲದ ದಸರೆಗೆ ನಮ್ಮ ಮೂರು ಗಾಡಿಗಳಿಗೂ ಪೂಜೆ ಮಾಡುವಾಗ, ಅರಿಸಿನ ಕಲಸಿದ ಕೈಯನ್ನು ಮುಂದಿನ ಗಾಲಿಯ ಹತ್ತಿರ ಒಯ್ದೆ ನೋಡಿ, ಆ ವಾಸನೆ ಮೂಗಿಗೆ ಹೊಡೆಯಿತು. ಕೈ ಅಲ್ಲೇ ನಿಂತಿತು. ಸೊಸೆ ಗಾಬರಿಯಾಗಿ ಏನಾಯಿತು ಅಂತ ಕೇಳಿದಳು. ಏನೂ ಆಗಿರಲಿಲ್ಲ. ಮಿಸ್ತ್ರಿ ಕಾಕಾ ನೆನಪಾಗಿದ್ದರು, ಅಷ್ಟೆ...

ಆಗ ಅಮೀರ್‌ಪೇಟ್‌ನಲ್ಲಿ ಗೋಡೆಗಳೇ ಕಾಣುತ್ತಿರಲಿಲ್ಲ. ಎಲ್ಲಿ ನೋಡಿದರೂ ಕಂಪ್ಯೂಟರ್ ಕೋರ್ಸುಗಳ ಪೋಸ್ಟರು. ನಾನೂ ನಮ್ಮ ಯಜಮಾನರೂ ಕಲಬುರ್ಗಿ ಕಡೆಯಿಂದ ಬಂದು ಅಲ್ಲಿನ ಒಂದು ಗಲ್ಲಿಯಲ್ಲಿ ಊಟದ ಮೆಸ್ ಇಟ್ಟಿದ್ದೆವು. ಹಾಸ್ಟೆಲಿನ ಹುಡುಗರು ಎರಡು ಹೊತ್ತು ಬಂದು ಉಣ್ಣುತ್ತಿದ್ದರು. ಹಾಗೇ ನಡೆಯುತ್ತಿತ್ತು. ಅಷ್ಟರಲ್ಲಿ ಮನೆಯ ಮಾಲೀಕನಿಗೂ ಕಂಪ್ಯೂಟರ್ ಹುಚ್ಚು ಹಿಡಿಯಿತು. ಮನೆ ಕೆಡವಿ ನಾಲ್ಕು ಅಂತಸ್ತು ಕಟ್ಟಿ ತರಬೇತಿಯವರಿಗೆ ಬಾಡಿಗೆಗೆ ಕೊಡುತ್ತೇನೆ, ಸಂಕ್ರಾಂತಿಯೊಳಗೆ ಖಾಲಿ ಮಾಡಿ ಅಂದ. ಹುಡುಗರು ನಡೆದು ಬರುವ ದೂರದಲ್ಲಿ ಬೇರೆ ಜಾಗ ನಮ್ಮ ಕೈಗೆ ಎಟುಕುವಂತಿರಲಿಲ್ಲ.

ಅದೇ ಹೊತ್ತಿಗೆ ಹೈಟೆಕ್ ಸಿಟಿ ಕಡೆಯ ಒಂದು ಕಂಪನಿಯವರು ನಮ್ಮನ್ನು ಕರೆದರು. ದಿನಾ ಇನ್ನೂರು ಜನಕ್ಕೆ ಮಧ್ಯಾಹ್ನದ ಊಟ. ಅಡುಗೆ ಎಲ್ಲಿಯಾದರೂ ಮಾಡಿಕೊಳ್ಳಿ, ಹನ್ನೆರಡೂವರೆಗೆ ಪಾತ್ರೆಗಳು ಗೇಟಿನೊಳಗೆ ಇರಬೇಕು. ಮೊದಲ ವಾರ ಪರೀಕ್ಷೆ. ದಸರೆ ಮುಗಿದ ಸೋಮವಾರದಿಂದ ಶುರು. ಅದು ಕೈಗೆ ಸಿಕ್ಕರೆ ನಾವು ಹೈದರಾಬಾದಿನಲ್ಲಿ ಉಳಿಯುತ್ತೇವೆ, ಇಲ್ಲದಿದ್ದರೆ ಗಂಟು ಮೂಟೆ ಕಟ್ಟುತ್ತೇವೆ. ಇಷ್ಟು ನನಗೆ ಸ್ಪಷ್ಟವಾಗಿತ್ತು. ಸಾಂಬಾರಿನ ಪಾತ್ರೆ ಹೊತ್ತು ಆಟೋದಲ್ಲಿ ಅಷ್ಟು ದೂರ ಹೋಗುವುದು ಆಗದ ಮಾತು. ಒಂದು ಪಿಕಪ್ ಗಾಡಿ ಬೇಕು. ಹೊಸದು ಕನಸಿನಲ್ಲೂ ಸಾಧ್ಯವಿರಲಿಲ್ಲ, ಹಳೆಯದೇ ಗತಿ. ಹಳೆಯ ಗಾಡಿ ಅಂದ ಕೂಡಲೇ ನಮಗೆ ಹೊಳೆದದ್ದು ಮಿಸ್ತ್ರಿ ಕಾಕಾ.

ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದೆ ಬೇವಿನ ಮರದಡಿ ಅವರ ಗ್ಯಾರೇಜು. ಬೀದರಿನವರು. ಊರು ಬಿಟ್ಟು ಮೂವತ್ತು ವರ್ಷವಾಗಿತ್ತು. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ತೆಲುಗು, ಕನ್ನಡ ಆಡಬೇಕು ಅನ್ನಿಸಿದಾಗ ನಮ್ಮ ಮೆಸ್ಸು. ಗುರುವಾರ ಗುರುವಾರ ಜೋಳದ ರೊಟ್ಟಿ, ಪುಂಡಿಪಲ್ಯ ಉಣ್ಣಲು ಬರುತ್ತಿದ್ದರು. ನನ್ನ ರೊಟ್ಟಿ ದಪ್ಪ ಅಂತ ಪ್ರತಿ ಗುರುವಾರ ಕಾಡಿಸುವುದು, ಆಮೇಲೆ ನಾಲ್ಕು ತಿನ್ನುವುದು. ನನ್ನನ್ನು ತಂಗಿ ಅನ್ನುತ್ತಿದ್ದರು. ವಯಸ್ಸಿನಲ್ಲಿ ನಾನು ಅವರ ಮಗಳಿಗಿಂತ ಚಿಕ್ಕವಳು.

ಗಾಡಿ ನೋಡುವುದರಲ್ಲಿ ಅವರದು ಅವರದೇ ಕ್ರಮ. ಬೆಳಗಿನ ಆರು ಗಂಟೆಗೇ ಹೋಗಬೇಕು. ಹೋದವರು ಮಾಲೀಕನಿಗೆ ಸಲಾಂ ಹೇಳುವ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ ಮಾತೇ ಇಲ್ಲ, ವಾಪಸ್. ನಾವು ಬರುವ ಮೊದಲೇ ಎಂಜಿನ್ ಓಡಿಸಿ ಅದರ ರೋಗ ಮುಚ್ಚಿದ್ದಾನೆ ಅಂತ ಲೆಕ್ಕ. ತಣ್ಣಗಿದ್ದರೆ ಚಾಲೂ ಮಾಡಿಸಿ ಹೊಗೆಯ ಬಣ್ಣ ನೋಡುವುದು, ಎಣ್ಣೆಯನ್ನು ಎರಡು ಬೆರಳಲ್ಲಿ ಉಜ್ಜಿ ಮೂಸುವುದು, ಆಮೇಲೆ ನಾವು ಹೇರುವ ಭಾರವನ್ನೇ ಹೇರಿ ಓಡಿಸುವುದು. ಖಾಲಿ ಗಾಡಿ ನೋಡಿ ಕೊಳ್ಳುವವರ ಮೇಲೆ ಅವರಿಗೆ ಭಾರೀ ಸಿಟ್ಟು. ಎಲ್ಲ ಸರಿಯಾದರೆ ಬಾನೆಟ್ ಮೇಲೆ ಎರಡು ಸಲ ತಟ್ಟಿ "ಒಯ್ರಿ" ಅನ್ನುತ್ತಿದ್ದರು. ಅವರು ತಟ್ಟಿದ ಗಾಡಿಯನ್ನು ಕಣ್ಣು ಮುಚ್ಚಿ ಕೊಳ್ಳಬಹುದು ಅನ್ನುವುದು ಆ ಭಾಗದಲ್ಲೆಲ್ಲ ಮಾತು.

ನಮಗಾಗಿ ಏಳು ಗಾಡಿ ನೋಡಿದರು. ಒಂದನ್ನೂ ತಟ್ಟಲಿಲ್ಲ. ಒಂದರ ಹೊಗೆ ನೀಲಿ, ಇನ್ನೊಂದರ ಬಾನೆಟ್ ಬಿಸಿ, ಮತ್ತೊಂದು ನೀರಿನಲ್ಲಿ ಮುಳುಗಿ ಎದ್ದದ್ದು. ದಸರೆ ಬಂತು, ಹೋಯಿತು. ಶುಕ್ರವಾರವಾದರೂ ನಮಗೆ ಗಾಡಿಯಿಲ್ಲ, ಸೋಮವಾರ ಊಟ ಹೋಗಬೇಕು. ನನಗೆ ನಿದ್ದೆ, ಊಟ ಎರಡೂ ಬಿಟ್ಟಿದ್ದವು. ಎದುರಿಗೆ ಸಿಕ್ಕವರ ಮೇಲೆಲ್ಲ ಹಾರಿ ಬೀಳುತ್ತಿದ್ದೆ.

ಎಂಟನೆಯ ಗಾಡಿ ನಮ್ಮ ಕಡೆಯವನದು. ವಿಜಯಪುರದ ಕಡೆಯಿಂದ ಬಂದು ಬೇಗಂಪೇಟೆಯಲ್ಲಿ ಸಾಮಾನು ಸಾಗಿಸುತ್ತಿದ್ದವನು. ಹಣೆ ತುಂಬ ವಿಭೂತಿ, ಬಾಯಿ ತುಂಬ "ಅಕ್ಕಾರ". ಬಿಳಿ ಗಾಡಿ ಮದುಮಗನ ಹಾಗೆ ನಿಂತಿತ್ತು. ಮುಂದೆ ಚೆಂಡುಹೂವಿನ ದಪ್ಪ ಮಾಲೆ, ಎರಡೂ ಕಡೆ ಬಾಳೆಕಂದು, ಗಾಲಿಗಾಲಿಗೆ ಅರಿಸಿನ ಕುಂಕುಮ. ಹೆತ್ತ ಮಗನಿಗೆ ಮಾಡಿದ ಹಾಗೆ ಪೂಜೆ ಮಾಡಿದ್ದೇನೆ ಅಂದ. ನೋಡಿದ ಕೂಡಲೇ ನನ್ನ ಮನಸ್ಸು ಅದಕ್ಕೆ ಜೋತುಬಿತ್ತು. ಸುಳ್ಳೇಕೆ ಹೇಳಲಿ, ಆ ಕುಂಕುಮ ನೋಡಿಯೇ ನಾನು ಒಪ್ಪಿಬಿಟ್ಟಿದ್ದೆ.

ಕಾಕಾ ಅಂಗೈ ಇಟ್ಟರು. ತಣ್ಣಗಿತ್ತು. ಒಂದೇ ಸಲಕ್ಕೆ ಚಾಲೂ ಆಯಿತು. ಹೊಗೆ ಇಲ್ಲ, ಎಣ್ಣೆ ಚೆನ್ನಾಗಿತ್ತು. ನಮ್ಮವೇ ಆರು ದೊಡ್ಡ ಪಾತ್ರೆಗಳಿಗೆ ನೀರು ತುಂಬಿಸಿ ಹಿಂದೆ ಇಡಿಸಿ, ಕಾಕಾ ತಾವೇ ಓಡಿಸಿದರು. ನಾನು ಪಕ್ಕದಲ್ಲಿ ಕೂತಿದ್ದೆ. ರಸ್ತೆಯ ಉಬ್ಬು ದಾಟುವಾಗ ಬಲಗಡೆ ಕೆಳಗೆ ಟಕ್ ಅಂತ ಒಂದು ಸದ್ದು. ಒಂದೇ ಸಲ. ನನಗೂ ಕೇಳಿಸಿತು. ಕಾಕಾ ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ವಾಪಸ್ ಬಂದು ಇಳಿದವರು ಬಲಗಡೆಯ ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಗಾಡಿಯ ಅಡಿಯಲ್ಲಿ ಉದ್ದಕ್ಕೆ ಕಬ್ಬಿಣದ ತೊಲೆ ಇರುತ್ತದಲ್ಲ, ಇಡೀ ಗಾಡಿ ಅದರ ಮೇಲೆಯೇ ನಿಂತಿರುವುದು, ಅದಕ್ಕೆ ಚಾಸಿ ಅನ್ನುತ್ತಾರೆ. ಗಾಲಿಯ ಮೇಲೆ ಕುಲುಕು ತಡೆಯುವ ಉಕ್ಕಿನ ಪಟ್ಟಿ, ಪಾಟಾ, ಆ ಚಾಸಿಗೆ ಸೇರುವ ಕಡೆ ಅಂಗೈಯಗಲ ಅರಿಸಿನ ಮೆತ್ತಿ, ಅದರ ಮೇಲೆ ಕುಂಕುಮ ಬಳಿದು, ಒಂದು ಚೆಂಡುಹೂ ಒತ್ತಿದ್ದರು. ಕಾಕಾ ಅದರ ಹತ್ತಿರ ಬೆರಳು ಒಯ್ದರು, ಮುಟ್ಟಲಿಲ್ಲ. ಹೆಗಲ ಮೇಲಿನ ಬಟ್ಟೆ ತೆಗೆದು ನನ್ನ ಕಡೆ ಚಾಚಿದರು.

"ತಂಗಿ, ಇಲ್ಲಿ ಸ್ವಲ್ಪ ಒರಸ್ರಿ. ನಾ ಮುಟ್ಟಬಾರದು, ಪೂಜಿದು ಐತಿ. ಕೆಳಗ ಏನೈತಿ ನೋಡಬೇಕು."

ಗಾಡಿಯವನು ಎರಡೂ ಕೈಯಲ್ಲಿ ಕೆನ್ನೆ ಬಡಿದುಕೊಂಡ. ಶುಕ್ರವಾರದ ದಿನ ಹೆಣ್ಣುಮಗಳ ಕೈಯಲ್ಲಿ ಕುಂಕುಮ ಅಳಿಸುತ್ತಾರೆಯೇ, ನಮ್ಮ ಮಂದಿಯಾಗಿ ನೀವು ಇಂಥದ್ದು ಮಾಡುತ್ತೀರಾ ಅಂದ. ಯಜಮಾನರು ನನ್ನ ಮುಖ ನೋಡಿದರು. ಬಟ್ಟೆ ನನ್ನ ಮುಂದೆ ಹಾಗೇ ಇತ್ತು. ಏಳು ಗಾಡಿಗಳ ಸಿಟ್ಟು, ಸೋಮವಾರದ ಭಯ, ಕುಂಕುಮ ಅಳಿಸಿದರೆ ಏನಾದರೂ ಆದೀತು ಅನ್ನುವ ಅಳುಕು, ಎಲ್ಲ ಒಟ್ಟಾಗಿ ಬಾಯಿಗೆ ಬಂತು.

"ಅದು ನಮ್ಮ ಪೂಜಿ ಐತ್ರಿ ಕಾಕಾ. ನಿಮಗ ತಿಳಿಯಂಗಿಲ್ಲ. ಬಿಡ್ರಿ."

ಅವರು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡರು. ಮೊಣಕಾಲ ಮೇಲೆ ಕೈಯೂರಿ ಎದ್ದರು. ಸರಿ ತಂಗಿ ಅಂದರು. ಬಾನೆಟ್ ಪಕ್ಕದಲ್ಲೇ ಹಾದು ಹೋದರು, ತಟ್ಟಲಿಲ್ಲ. ನಾನು ನೋಡಿದೆ. ನೋಡಿಯೂ ನೋಡದವಳ ಹಾಗೆ ಪಾತ್ರೆಯ ನೀರು ಚೆಲ್ಲಿಸಲು ಹೋದೆ...

ಅವತ್ತೇ ಗಾಡಿ ತಂದೆವು. ನಾನು ಆರತಿ ಎತ್ತಿದೆ. ಅವನು ಬಳಿದಿದ್ದ ಕುಂಕುಮದ ಮೇಲೆ ನಾನೂ ಒಂದು ಪದರ ಬಳಿದೆ. ಅದೇ ಜಾಗದ ಮೇಲೂ ಬಳಿದೆ.

ಸೋಮವಾರ ಹನ್ನೆರಡು ಇಪ್ಪತ್ತಕ್ಕೆ ಗೇಟು ಮುಟ್ಟಿದೆವು. ಮಂಗಳವಾರವೂ ಹಾಗೇ. ಊಟ ಚೆನ್ನಾಗಿದೆ ಅಂದರು. ಯಜಮಾನರು ಗಾಡಿ ನಡೆಸುವುದು, ನಾನು ಪಕ್ಕದಲ್ಲಿ. ಜೂಬಿಲಿ ಹಿಲ್ಸಿನ ಏರು ಹತ್ತಿ ಇಳಿಯುವಾಗ ಬಲಗಡೆಯಿಂದ ಆ ಟಕ್ ಸದ್ದು ಬರುತ್ತಿತ್ತು. ಮೊದಲ ದಿನ ಎರಡು ಸಲ, ಮರುದಿನ ನಾನು ಎಣಿಸುವುದನ್ನು ಬಿಟ್ಟೆ. ಇಳಿಜಾರಿನಲ್ಲಿ ಯಜಮಾನರ ಕೈ ಸ್ಟೀರಿಂಗ್ ಮೇಲೆ ಬಿಗಿಯಾಗುತ್ತಿತ್ತು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಶನಿವಾರದವರೆಗೆ ದಾಟಿದರೆ ಸಾಕು ಅಂತ ಇಬ್ಬರೂ ಒಳಗೊಳಗೆ ದೇವರಿಗೆ ಹೇಳಿಕೊಳ್ಳುತ್ತಿದ್ದೆವು.

ಬುಧವಾರ ಹನ್ನೊಂದೂ ಕಾಲು. ಪಾತ್ರೆಗಳನ್ನೆಲ್ಲ ಏರಿಸಿಯಾಗಿತ್ತು. ಯಜಮಾನರು ಚಾಲೂ ಮಾಡುವ ಹೊತ್ತಿಗೆ ಗಲ್ಲಿಯ ತುದಿಯಿಂದ ಕಾಕಾ ಓಡೋಡಿ ಬಂದರು. ಬಸ್ಸಿನಿಂದ ಇಳಿದವರು ಅಲ್ಲಿಂದಲೇ ಓಡಿದ್ದರು. ಬಂದವರೇ ಗಾಡಿಯ ಮುಂದೆ ನಿಂತರು. ಒಂದು ಚೊಂಬು ನೀರು ತನ್ನಿ ಅಂದರು. ಕುಡಿಯಲು ಅಂದುಕೊಂಡೆ. ಅಲ್ಲ, ತೊಳೆಯಲು.

ಹೊತ್ತಾಗುತ್ತದೆ ಕಾಕಾ, ಸಂಜೆ ನೋಡೋಣ, ದಾರಿ ಬಿಡಿ ಅಂದೆ. ಅವರು ಕದಲಲಿಲ್ಲ. ಹಾರ್ನ್ ಹೊಡೆಯಿರಿ ಅಂತ ಯಜಮಾನರಿಗೆ ಹೇಳಿದೆ, ಅವರು ಹೊಡೆಯಲಿಲ್ಲ, ಎಂಜಿನ್ ಬಂದ್ ಮಾಡಿದರು. ಆಗ ಕಾಕಾ ಬಾನೆಟ್ ಮೇಲಿನ ಮಾಲೆಯ ಕಡೆ ಕೈ ತೋರಿಸಿದರು. ಚೆಂಡುಹೂಗಳು ಒಣಗಿ ಕಂದಾಗಿದ್ದವು.

"ಹೂ ಬಾಡ್ಯಾವ ತಂಗಿ. ಹೂ ಬಾಡಿದ ಮ್ಯಾಲ ತೊಳದರ ದೋಷ ಇಲ್ಲಂತ. ಗುಡಿ ಮುಂದ ಹೂ ಮಾರೋ ಅಮ್ಮಗ ಕೇಳಕೊಂಡ ಬಂದೀನಿ. ನಾ ಮುಟ್ಟಂಗಿಲ್ಲ, ನೀವ ತೊಳೀರಿ."

ಐದು ದಿನ ಅವರು ಅದಕ್ಕಾಗಿ ಕಾದಿದ್ದರು.

ಚೊಂಬು ತಂದು ಬಗ್ಗಿ ಸುರಿದೆ. ಮೊದಲು ಕೆಂಪು ನೀರು ಹೋಯಿತು, ಆಮೇಲೆ ಹಳದಿ. ಒಣಗಿದ ಅರಿಸಿನ ಸುಲಭಕ್ಕೆ ಬಿಡಲಿಲ್ಲ, ಉಗುರಿನಿಂದ ಕೆರೆದೆ. ಕೆಳಗೆ ಹಳೆಯ ಬೆಸುಗೆಯ ಗಂಟುಗಂಟು ಗುರುತು. ಚಾಸಿ ಎಂದೋ ಮುರಿದಿತ್ತು, ಬೆಸೆದು ಬಣ್ಣ ಹಚ್ಚಿದ್ದರು. ಈಗ ಆ ಬೆಸುಗೆಯೇ ಬಾಯಿ ಬಿಟ್ಟಿತ್ತು. ನನ್ನ ಕಿರುಬೆರಳ ಉಗುರು ಪೂರ್ತಿ ಒಳಗೆ ಹೋಯಿತು. ಭಾರ ತುಂಬಿ ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಆ ಗಾಲಿ ಹಿಂದಕ್ಕೆ ಕುಸಿಯುತ್ತದೆ, ಗಾಡಿ ಬಲಕ್ಕೆ ಎಳೆದುಕೊಂಡು ಎದುರಿನ ಲಾರಿಗೇ ಹೋಗುತ್ತದೆ ಅಂತ ಕಾಕಾ ಯಜಮಾನರಿಗೆ ತಣ್ಣಗೆ ಹೇಳುತ್ತಿದ್ದರು. ಯಜಮಾನರು ಮುಖ ಒರೆಸಿಕೊಳ್ಳುತ್ತಿದ್ದರು, ಬೆವರೋ ಕಣ್ಣೀರೋ ನಾನು ನೋಡಲಿಲ್ಲ. ಬಲಗಡೆ ಕೂರುತ್ತಿದ್ದವರು ಅವರು.

ಆಮೇಲಿನದು ಗಡಿಬಿಡಿ. ಕಾಕಾ ಮುಖ್ಯ ರಸ್ತೆಗೆ ಓಡಿ ತಮ್ಮ ಗುರುತಿನ ಆಟೋದವರನ್ನು ಕರೆತಂದರು. ಐದು ಆಟೋಗಳಲ್ಲಿ ಪಾತ್ರೆ ಹಂಚಿದೆವು. ಸಾಂಬಾರಿನ ಪಾತ್ರೆ ಹಿಡಿಯಲು ಯಾರೂ ಒಪ್ಪದಿದ್ದಾಗ ಅವರೇ ಅದನ್ನು ಎರಡೂ ತೋಳಲ್ಲಿ ತಬ್ಬಿ ಕೂತರು. ಗೇಟಿನಲ್ಲಿ ಮ್ಯಾನೇಜರ್ ಗಡಿಯಾರ ನೋಡುತ್ತ ನಿಂತಿದ್ದ. ಹನ್ನೆರಡು ಐವತ್ತು. ಹಿಂದೆ ಇನ್ನೂರು ಜನ ತಟ್ಟೆ ಹಿಡಿದಿದ್ದರು. ಕಾಕಾ ಇಳಿದರು, ಬಿಳಿ ಅಂಗಿ ಎದೆಯಿಂದ ಹೊಟ್ಟೆಯವರೆಗೆ ಸಾಂಬಾರು, ತೋಳು ಸುಟ್ಟು ಕೆಂಪಾಗಿತ್ತು. ಮ್ಯಾನೇಜರ್ ಅವರನ್ನು ನೋಡಿದ, ನನ್ನನ್ನು ನೋಡಿದ, ಇದೊಂದು ಸಲ ಬಿಟ್ಟಿದ್ದೇನೆ ಅಂದ. ಆ ಇದೊಂದು ಸಲದ ಮೇಲೆಯೇ ನಮ್ಮ ಮನೆ ಇವತ್ತಿಗೂ ನಿಂತಿದೆ.

ಆ ಗಾಡಿಯನ್ನು ಮಾರಿದವನೇ ವಾಪಸ್ ತೆಗೆದುಕೊಂಡ. ಕಾಕಾ ಅವನ ಜೊತೆ ಜಗಳವಾಡಲಿಲ್ಲ. ತೊಳೆದ ಜಾಗವನ್ನು ಅವನಿಗೆ ತೋರಿಸಿದರು, ಅಷ್ಟೆ. ಹಳೆಯ ಗಾಡಿ ಮಾರುವವರು ಆ ಊರಿನಲ್ಲಿ ಅವರನ್ನು ಎದುರು ಹಾಕಿಕೊಂಡು ಬದುಕುವಂತಿರಲಿಲ್ಲ. ವಾರದ ಉಳಿದ ದಿನಗಳಿಗೆ ಗ್ಯಾರೇಜಿಗೆ ಬಂದಿದ್ದ ಒಬ್ಬರ ಗಾಡಿಯನ್ನು ಕೇಳಿ ಕೊಡಿಸಿದರು. ಹತ್ತು ದಿನದಲ್ಲಿ ಒಂಬತ್ತನೆಯದು ಸಿಕ್ಕಿತು. ಹಾಲು ಸಾಗಿಸುತ್ತಿದ್ದ ಗಾಡಿ, ಬಣ್ಣ ಹೋಗಿ ಬಕ್ಕತಲೆಯಾಗಿತ್ತು, ಒಂದು ಬಾಗಿಲಿಗೆ ಹಗ್ಗ ಕಟ್ಟಿದ್ದರು. ನಾನಾಗಿದ್ದರೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಾಕಾ ಅದರ ಅಡಿಯಲ್ಲಿ ಅರ್ಧ ಗಂಟೆ ಮಲಗಿದ್ದು, ಎದ್ದು ಬಂದು, ಬಾನೆಟ್ ಮೇಲೆ ಎರಡು ಸಲ ತಟ್ಟಿದರು. ಒಯ್ರಿ ಅಂದರು. ಅದು ಹನ್ನೊಂದು ವರ್ಷ ನಮ್ಮ ಊಟ ಹೊತ್ತಿತು.

ಅದನ್ನು ಮನೆಗೆ ತಂದ ದಿನ ಪೂಜೆಗೆ ಅವರನ್ನು ಕರೆಸಿದ್ದೆ. ಕ್ಷಮೆ ಕೇಳಬೇಕು ಅಂತ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಮೊದಲ ಕಾಯಿ ಅವರ ಕೈಯಿಂದಲೇ ಒಡೆಸಬೇಕು ಅಂತಲೂ ಇತ್ತು. ಅವರು ಎದುರಿನ ಮನೆಯ ಕಟ್ಟೆಯ ಹತ್ತಿರ ದೂರ ನಿಂತಿದ್ದರು, ಸುಟ್ಟ ತೋಳಿಗೆ ಬಟ್ಟೆ ಸುತ್ತಿತ್ತು. ಬರ್ರಿ ಕಾಕಾ ಅಂದೆ.

"ನೀವ ಮಾಡ್ರಿ ತಂಗಿ," ಅಂದರು. "ನನಗ ತಿಳಿಯಂಗಿಲ್ಲ."

ನಗುತ್ತಲೇ ಅಂದರು. ರೊಟ್ಟಿ ದಪ್ಪ ಅಂತ ಕಾಡಿಸುತ್ತಿದ್ದ ನಗುವೇ ಅದು, ಅಥವಾ ನಾನು ಹಾಗೆ ಅಂದುಕೊಂಡೆ. ಕಾಡಿಸಿದರೋ, ನೊಂದು ಅಂದರೋ, ಗೊತ್ತಾಗಲಿಲ್ಲ. ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದವಳಿಗೆ ಜೋಡಿಸಿಕೊಂಡ ಒಂದು ಮಾತೂ ನೆನಪಾಗಲಿಲ್ಲ. ಕಾಯಿಯನ್ನು ಯಜಮಾನರೇ ಒಡೆದರು.

ಆಮೇಲೂ ಗುರುವಾರ ಬಂದರು, ನಾಲ್ಕು ರೊಟ್ಟಿ ತಿಂದರು, ದಪ್ಪ ಅಂದರು. ಎಷ್ಟೋ ಗುರುವಾರಗಳು... ಮುಂದಿನ ವಾರ ಕೇಳಿದರಾಯಿತು ಅಂತ ಬಿಡುತ್ತ ಹೋದೆ. ಮೆಹದಿಪಟ್ಟಣಂನಲ್ಲಿ ಮೇಲ್ಸೇತುವೆ ಬಂತು, ಬೇವಿನ ಮರ ಹೋಯಿತು, ಅವರು ಬೀದರಿಗೆ ಮಗಳ ಮನೆಗೆ ಹೋದರು. ತೀರಿಕೊಂಡ ಸುದ್ದಿ ನಮಗೆ ತಲುಪುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿತ್ತು. ಅವತ್ತು ಗುರುವಾರವೇನಲ್ಲ, ಆದರೂ ರೊಟ್ಟಿ ಬಡಿಯಲು ಕೂತೆ, ತೆಳ್ಳಗೆ. ಹಂಚಿನ ಮುಂದೆ ಅತ್ತೆ.

ಪ್ರತಿ ದಸರೆಗೆ ಗಾಡಿಗಳಿಗೆಲ್ಲ ಅರಿಸಿನ ಕುಂಕುಮ ಹಚ್ಚುತ್ತೇನೆ, ಬಲಗಡೆಯ ಮುಂದಿನ ಗಾಲಿಯ ಮೇಲೆ ಅಂಗೈಯಗಲ ಜಾಗ ಬಿಟ್ಟು. ಈ ಸಲ ಸೊಸೆ ಕೇಳಿದಳು, ಅದೊಂದು ಜಾಗ ಯಾಕೆ ಬಿಡುತ್ತೀರಿ ಅಂತ. ಬೆಸುಗೆ ಬಿಟ್ಟ ಕತೆ ಹೇಳಿದೆ, ಸಾಂಬಾರು ತಬ್ಬಿಕೊಂಡ ಕತೆಯನ್ನೂ ಹೇಳಿದೆ. ಅವಳು ಕಣ್ಣೊರೆಸಿಕೊಂಡಳು. ಆ ಶುಕ್ರವಾರ ನಾನು ಅಂದ ಮಾತನ್ನು ಮಾತ್ರ ಯಾವತ್ತಿನ ಹಾಗೆ ಬಿಟ್ಟೇ ಹೇಳಿದೆ. ಇಲ್ಲಿ ಬರೆದಿದ್ದೇನೆ. ಕೇಳಿಸಿಕೊಳ್ಳಬೇಕಾದವರು ಇಲ್ಲ.