ಬಾಗಿನದ ಜೊತೆ ಬಂದ ಕಾಗದ

ಅಪ್ಪ ನನಗೆ ಕಲಿಸಿದ್ದು ಒಂದೇ ವಿದ್ಯೆ. ಅದಿರಿನ ರಾಶಿಯ ಮೇಲ್ಭಾಗವನ್ನು ನಂಬಬಾರದು, ಬುಡದಿಂದ ಒಂದು ಹಿಡಿ ತೆಗೆಸಿ ನೋಡಬೇಕು. ಚಿತ್ರದುರ್ಗದ ಕಡೆಯ ನಮ್ಮ ಗಣಿಯಿಂದ ಚೆನ್ನೈ ಬಳಿಯ ಎಣ್ಣೂರು ಬಂದರು ತಲುಪಿದ ಅದಿರನ್ನು ವರ್ಷಗಟ್ಟಲೆ ಹಾಗೆಯೇ ನೋಡಿದೆ. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ಕಟ್ಟುವ ಒದ್ದೆ ಪುಡಿಯನ್ನು ಹಡಗು ಹತ್ತಲು ಬಿಡುತ್ತಿರಲಿಲ್ಲ. ಗಣಿ ಮಾಲೀಕರ ಮಗಳೆಂದರೆ ಕಾರಿನಿಂದ ಕೆಳಗಿಳಿಯದವಳು ಎಂದುಕೊಂಡವರಿಗೆ ಅದಿರಿನ ಧೂಳಿಗೆ ಕೆಂಪಾದ ನನ್ನ ಉಗುರುಗಳನ್ನು ತೋರಿಸಿದರೆ ಸಾಕಿತ್ತು.

ಅಪ್ಪ ಗಣಿಯನ್ನು ನನಗೂ ತಮ್ಮನಿಗೂ ಸಮನಾಗಿ ಬಿಟ್ಟು ಹೋದರು. ಅವನು ಅಲ್ಲಿ ಅಗೆಸುತ್ತಿದ್ದ, ಮದುವೆಯಾಗಿ ಚೆನ್ನೈಗೆ ಬಂದ ನಾನು ಇಲ್ಲಿ ಮಾರುತ್ತಿದ್ದೆ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಹೊತ್ತು ಅವನೇ ಬರುತ್ತಿದ್ದ. ಒಂದರ ಮೇಲೊಂದು ಮುಚ್ಚಿದ ಎರಡು ಮೊರ, ನಡುವೆ ಅಕ್ಕಿ, ಬೇಳೆ, ಬೆಲ್ಲ, ಬಳೆ. ಪಕ್ಕದಲ್ಲಿ ನನ್ನ ಸಹಿಗೆಂದು ಕಂಪನಿಯ ಕಾಗದಗಳ ಕಟ್ಟು. ಬಾಗಿನ ತಂದ ತಮ್ಮನ ಎದುರು ಕನ್ನಡಕ ಹಾಕಿಕೊಂಡು ಓದುತ್ತ ಕೂತರೆ ಅವನನ್ನು ಅನುಮಾನಿಸಿದ ಹಾಗಲ್ಲವೇ? ಅವನು ಬೆರಳಿಟ್ಟಲ್ಲೆಲ್ಲ ಸಹಿ ಹಾಕುತ್ತಿದ್ದೆ.

ಹೋದ ವರ್ಷ ಕಟ್ಟು ಕೊಂಚ ದಪ್ಪವಿತ್ತು.

"ಇಷ್ಟೊಂದಾ?" ಎಂದೆ.

"ಪ್ರತಿ ವರ್ಷದ್ದೇ ಕಣಕ್ಕ. ಬೇಗ ಹಾಕ್ಬಿಡು, ಹೋಳಿಗೆ ಆರೋಗ್ತದೆ."

ಎರಡು ತಿಂಗಳಾದರೂ ನಿರ್ದೇಶಕರ ಸಭೆಗೆ ಕರೆ ಬರಲಿಲ್ಲ. ಪೆರುಂಗುಡಿಯ ನನ್ನ ಆಫೀಸಿನಿಂದ ಕಂಪನಿಯ ಕಾರ್ಯದರ್ಶಿಗೆ ಫೋನ್ ಮಾಡಿ ಗದರಿದೆ. ಆತ ತಡವರಿಸಿದ: "ನೀವು ಪಾಲೆಲ್ಲ ತಮ್ಮನವ್ರಿಗೆ ಬಿಟ್ಟುಕೊಟ್ಟು ರಾಜೀನಾಮೆನೂ ಕೊಟ್ಟಿದೀರಲ್ಲ ಮೇಡಂ?" ಪ್ರತಿಗಳನ್ನು ಕಳಿಸಿದ. ಸಹಿ ನನ್ನದೇ. ಒಂದು ಹಾಳೆಯ ಅಂಚಿನಲ್ಲಿ ನನ್ನ ಹೆಬ್ಬೆರಳಿನ ಅರಿಶಿನವೂ ಇತ್ತು.

"ಪಡಿಚ್ಚು ಪಾಕ್ಕಲೆಯಾಮ್ಮಾ?" ಎಂದಳು ಚೆನ್ನೈಯಲ್ಲೇ ಬೆಳೆದ ನನ್ನ ಮಗಳು. ಓದಿ ನೋಡಲಿಲ್ಲವೇ ಎಂದು ತಮಿಳಿನಲ್ಲಿ ಕೇಳಿದವಳ ಮುಂದೆ ಪ್ರತಿಗಳನ್ನು ಮಗುಚಿಟ್ಟೆ. ಊರಿನ ಕಳ್ಳ ಗುತ್ತಿಗೆದಾರರನ್ನೆಲ್ಲ ಹಿಡಿದವಳು ಮನೆಯ ನಡುವೆ, ರೇಷ್ಮೆ ಸೀರೆ ಉಟ್ಟು, ಮೋಸ ಹೋಗಿದ್ದೆ. ಸಿಟ್ಟು ಬಂತು. ಅವನ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ.

ತಮ್ಮನಿಗೆ ಫೋನ್ ಮಾಡಿದರೆ ಅವನ ದನಿಯಲ್ಲಿ ಅಳುಕೇ ಇಲ್ಲ. "ಮದುವೆಯಾಗಿ ಹೋದೋಳಿಗೆ ಗಣಿ ಯಾಕಕ್ಕ? ಬಾಗಿನ ಯಾವತ್ತಾದ್ರೂ ತಪ್ಪಿಸಿದೀನಾ?"

ಈ ವರ್ಷವೂ ತಪ್ಪಿಸಲಿಲ್ಲ. ಹಬ್ಬದ ಬೆಳಿಗ್ಗೆ ಅವನ ಡ್ರೈವರ್ ಮೊರಗಳನ್ನು ತಂದು ಬಾಗಿಲಲ್ಲಿ ನಿಂತ. ವಾಪಸು ಕಳಿಸಬೇಕೆಂದಿದ್ದೆ, ತವರಿನ ಬಾಗಿನ ಎಂದು ಕೈ ತಾನಾಗಿಯೇ ಚಾಚಿತು. ಅಲ್ಲೇ ಮೇಲಿನ ಮೊರ ತೆಗೆದು, ಬಳೆ ಬೆಲ್ಲವನ್ನೆಲ್ಲ ಸರಿಸಿ, ಬುಡದಿಂದ ಒಂದು ಹಿಡಿ ಅಕ್ಕಿ ತೆಗೆದು ಹಿಸುಕಿ ನೋಡಿದೆ. ಒಳ್ಳೆಯ ಒಣ ಅಕ್ಕಿ.

"ಅವನು ಬರಲಿಲ್ವೇನಪ್ಪ?" ಎಂದು ಕೇಳಿದೆ.

"ಇಲ್ಲ ಅಮ್ಮಾವ್ರೆ," ಎಂದ ಡ್ರೈವರ್, ಪಾಪ, ಏನೂ ಅರಿಯದವನು. "ಈ ಸಲ ಸೈನ್ ಮಾಡ್ಸೋದೇನೂ ಇಲ್ವಲ್ಲ, ನೀನೇ ಕೊಟ್ಟು ಬಾ ಅಂದ್ರು."