ಆಯಿಯ ಕರಡಿಗೆ

ಆಯಿಯ ಇಷ್ಟಲಿಂಗದ ಕರಡಿಗೆಯ ಮುಚ್ಚಳದ ಸಂದಿನಲ್ಲಿ ಅಕ್ಕಿಕಾಳಿನಷ್ಟು ಒಂದು ನೀಲಿ ಕಲೆ ಇದೆ. ವಿಭೂತಿ ಹಚ್ಚಿ ಎಷ್ಟು ತಿಕ್ಕಿದರೂ ಹೋಗಿಲ್ಲ.

ಆ ಕಲೆಯ ಕಥೆಯನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಮುದ್ದೇಬಿಹಾಳದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನೀವೂ ನಂಬಬೇಕೆಂದಿಲ್ಲ.

ಆರು ವರ್ಷದ ಹಿಂದೆ ಕನ್ನೊಳ್ಳಿಯಲ್ಲಿ ಆಯಿಗೆ, ಅಂದರೆ ನನ್ನ ತಾಯಿಯ ತಾಯಿಗೆ, ಕಾಲಲ್ಲಿ ಜಾಲಿಮುಳ್ಳು ನಟ್ಟಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಸೋಂಕು ಏರಿ ಹಿಮ್ಮಡಿ ಕಪ್ಪಾಯಿತು. ದೊಡ್ಡ ಊರಿನ ಆಸ್ಪತ್ರೆಯ ಡಾಕ್ಟರು, ಔಷಧದ ಜೊತೆಗೆ ಒತ್ತಡದ ಆಮ್ಲಜನಕವನ್ನೂ ಕೊಟ್ಟು ನೋಡೋಣ, ಅದಕ್ಕೂ ಕೇಳದಿದ್ದರೆ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯುವುದೇ ಎಂದರು. ಗಾಜಿನ ದೊಡ್ಡ ಕೊಳವೆಯೊಳಗೆ ದಿನಕ್ಕೆ ಒಂದೂವರೆ ತಾಸು ಮಲಗಬೇಕು. ಕಿಡಿ ಹುಟ್ಟಬಾರದೆಂದು ಎಣ್ಣೆ, ಲೋಹ, ನೈಲಾನು ಯಾವುದೂ ಒಳಗೆ ಹೋಗುವಂತಿಲ್ಲ. ಮದುವೆಗೂ ಮುಂಚಿನಿಂದ ಮೈಮೇಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನೂ ತೆಗೆಯಬೇಕಿತ್ತು.

"ಕಾಲು ಹೋದ್ರ ಹೋಗ್ಲಿ, ಇದನ್ನ ತೆಗಿಯಾಂಗಿಲ್ಲ" ಎಂದು ಆಯಿ ಕುಳಿತುಬಿಟ್ಟಳು. ನೀನು ಹೊರಬರುವ ತನಕ ಎಡ ಅಂಗೈಯಲ್ಲೇ ಹಿಡಿದಿರುತ್ತೇನೆ, ಎಲ್ಲೂ ಇಡುವುದಿಲ್ಲ ಎಂದು ನಾನು ಮಾತು ಕೊಟ್ಟೆ.

"ಕಲ್ತಾಕಿ ಅದಿ, ಮರ್ತಗಿರ್ತಿ ಮತ್ತ" ಎಂದು ಚುಚ್ಚಿಯೇ ಕೊಟ್ಟಳು.

ಎಂಟು ದಿನ ಹಿಡಿದೆ. ಗಾಯದ ಅಂಚು ಕೆಂಪಗಾಗತೊಡಗಿತ್ತು. ಒಂಬತ್ತನೆಯ ದಿನ ಮಧ್ಯಾಹ್ನ, ಈಗಿನ ಈ ಕೆಲಸದ ಅರ್ಜಿ ತುಂಬಲು ಎರಡೂ ಕೈ ಬೇಕಾದವು. ಆಯಿ ಒಳಗೆ ಕಣ್ಣು ಮುಚ್ಚಿದ್ದಳು. ಕರಡಿಗೆಯನ್ನು ಚೀಲಕ್ಕೆ ಹಾಕಿ ಅರ್ಜಿ ಬರೆದೆ. ಪೆನ್ನನ್ನೂ ಅದೇ ಚೀಲಕ್ಕೆ ಹಾಕಿ, ಅಂಚೆಗೆ ಹೋಗಿ ಬಂದೆ.

ಹೊರಗೆ ಕರೆತಂದಾಗ ಆಯಿ ಎಡಗೈ ಬಿಚ್ಚಿ ತೋರಿಸಿದಳು. ಒಳಗೆ ಹೋಗುವ ಮುನ್ನ ನರ್ಸ್ ಒರೆಸಿ ನೋಡಿದ್ದ ಆ ಅಂಗೈ ತುಂಬ ಹಸಿ ನೀಲಿ ಮಸಿ.

"ಚೀಲದಾಗ ಭಾಳ ಕತ್ತಲಿತ್ತವಾ" ಎಂದಳು.

ನಾನು ಚೀಲ ತೆರೆದದ್ದು ಆಮೇಲೆ. ಪೆನ್ನು ಸೋರಿ ಕರಡಿಗೆಯೆಲ್ಲ ನೀಲಿಯಾಗಿತ್ತು.

ಸಂಜೆ ಜ್ವರ ಏರಿತು. ಹಿಮ್ಮಡಿಯ ಕಪ್ಪು ಮೀನಖಂಡಕ್ಕೆ ಹತ್ತಿತು. ಸೋಂಕು ಒಮ್ಮೊಮ್ಮೆ ಹೀಗೆ ತಿರುಗಿಬೀಳುತ್ತದೆ ಎಂದರು ಡಾಕ್ಟರು. ಅದನ್ನು ನಂಬುತ್ತೇನೆ.

ಮರುದಿನ ಬೆಳಿಗ್ಗೆ ಕಾಲು ತೆಗೆಯುವ ಮುನ್ನ ಕರಡಿಗೆಯನ್ನು ಮತ್ತೆ ಬಿಚ್ಚಬೇಕಾಯಿತು. ನಾನು ಕೈ ಚಾಚಿದೆ. ಆಯಿ ನನ್ನ ಕೈ ಸರಿಸಿ, ವಾರ್ಡು ಗುಡಿಸುತ್ತಿದ್ದ, ಹೆಸರೂ ಗೊತ್ತಿಲ್ಲದ ಹೆಂಗಸನ್ನು ಕರೆದಳು.

"ನೀ ಹಿಡಿಯವಾ. ನಿನಗೇನ ಅರ್ಜಿ ಬರಿಯೂದಿಲ್ಲ."

ಅರ್ಜಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಆ ಹೆಂಗಸು ಕಸಬರಿಗೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಅಂಗೈ ಒಡ್ಡಿದಳು. ಒಪ್ಪಿಗೆಯ ಕಾಗದಕ್ಕೆ ನಾನು ಅದೇ ಪೆನ್ನಿನಿಂದ ಸಹಿ ಮಾಡಿದೆ.