ರಾಹುಕಾಲವಿಲ್ಲದ ಕಂಪ್ಯೂಟರ್

ಸ್ನೇಹಿತರೇ, ಜಯನಗರದ ನಮ್ಮ ಆಫೀಸಿನಲ್ಲಿ ಇವತ್ತು ರಾಹುಕಾಲದ ಜೊತೆ ಜಟಾಪಟಿ. ಸಾರಕ್ಕಿಯಲ್ಲಿ ಕಲ್ಯಾಣಮಂಟಪ ನಡೆಸುವ ಮುನಿಯಪ್ಪನವರಿಗೆ ನಾವು ಬುಕಿಂಗ್ ಸಾಫ್ಟ್‌ವೇರ್ ಮಾಡಿದ್ದೇವೆ. ಮೊದಲ ಸಲ ಅವರ ಕೈಯಿಂದಲೇ ಬಟನ್ ಒತ್ತಿಸಬೇಕಿತ್ತು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಅವರು ಬರುವಷ್ಟರಲ್ಲಿ ಹನ್ನೊಂದಾಗಿತ್ತು.

"ಶುಕ್ರವಾರ ಹನ್ನೆರಡರ ತನಕ ರಾಹುಕಾಲ. ಈಗ ಮುಟ್ಟಲ್ಲ," ಎಂದು ಕೈಕಟ್ಟಿ ಕುಳಿತರು.

ನಮ್ಮ ಹುಬ್ಬಳ್ಳಿಯ ಸವಿತಾ ಬಿಡುವವಳಲ್ಲ. ತಾರೀಖು ಮುಂದಕ್ಕೆ ತಿರುಗಿಸಿ ಮುಂದಿನ ವರ್ಷದ ಬುಕಿಂಗ್ ಪರೀಕ್ಷಿಸಲೆಂದು ತನ್ನ ಕಂಪ್ಯೂಟರಿನೊಳಗೆ ವರ್ಚುವಲ್ ಮಷಿನ್ ಎಂಬ ಇನ್ನೊಂದು ಕಂಪ್ಯೂಟರನ್ನೇ ಓಡಿಸುತ್ತಾಳೆ. ನಮ್ಮ ಸಾಫ್ಟ್‌ವೇರನ್ನು ಅದರಲ್ಲೇ ತೆರೆದು, ಅದರ ಗಡಿಯಾರವನ್ನು ಹನ್ನೆರಡೂವರೆಗೆ ತಿರುಗಿಸಿದಳು. ಅದು ಹೊರಗಿನ ಗಡಿಯಾರ ನೋಡಿಕೊಂಡು ಮತ್ತೆ ಹನ್ನೊಂದಕ್ಕೇ ಬಂತು. ಆ ನೋಡಿಕೊಳ್ಳುವ ಚಾಳಿಯನ್ನೇ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ ಇನ್ನೊಮ್ಮೆ ತಿರುಗಿಸಿದಳು. ಈ ಸಲ ನಿಂತಿತು. ನಾನಂತೂ ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ.

"ನೋಡ್ರಿ ಅಂಕಲ್, ಒಳಗ ರಾಹುಕಾಲ ಮುಗದೈತ್ರಿ. ಈಗ ಒತ್ರಿ."

ಮುನಿಯಪ್ಪನವರು ಒಳಗಿನ ಟೈಮ್, ಗೋಡೆಯ ಟೈಮ್ ಎರಡನ್ನೂ ನೋಡಿದರು. "ಭಾರಿ ತಲೆ ಕಣಮ್ಮ ನಿಂದು. ಆದ್ರೆ ಒತ್ತೋ ಬೆರಳು ಹೊರಗೇ ಇದೆಯಲ್ಲ?"

ಹನ್ನೆರಡರವರೆಗೂ ಎಲ್ಲರೂ ಕಾಫಿ ಕುಡಿದೆವು. ಬೆರಳಿಗೆ ಆ ಸೆಟ್ಟಿಂಗ್ ಎಲ್ಲಿದೆ ಎಂದು ಸವಿತಾ ಇನ್ನೂ ಹುಡುಕುತ್ತಿದ್ದಾಳೆ.